ಓಡುತ್ತಿರುವ ಪ್ರೋಗ್ರಾಂ ತನ್ನ ಆವೃತ್ತಿ ಸಂಖ್ಯೆಯನ್ನು ತಾನೇ ಓದುವುದು ಹೇಗೆ? ಯಾವಾಗಲೂ 1.0.0.0 ಬರುತ್ತಿದೆ

ಪ್ರಶ್ನೆ

ಸಿ ಶಾರ್ಪ್‌ನಲ್ಲಿ ಬರೆದ, ಡಾಟ್ ನೆಟ್ 8ರ ಮೇಲೆ ಓಡುವ ಡೆಸ್ಕ್‌ಟಾಪ್ ಪ್ರೋಗ್ರಾಂ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದು ಶುರುವಾದ ಕೂಡಲೇ ಲಾಗ್ ಕಡತದ ಮೊದಲ ಸಾಲಿನಲ್ಲಿ ತನ್ನ ಆವೃತ್ತಿ ಸಂಖ್ಯೆಯನ್ನು ಬರೆಯಬೇಕು. ಇಷ್ಟು ದಿನ ಆ ಸಂಖ್ಯೆಯನ್ನು ಕೋಡ್‌ನಲ್ಲಿಯೇ ಒಂದು ಸ್ಥಿರಾಂಕವಾಗಿ ಇಟ್ಟಿದ್ದೆ. ಕಳೆದ ಬಾರಿ ಅದನ್ನು ಬದಲಿಸಲು ಮರೆತದ್ದರಿಂದ ಎರಡು ಬೇರೆ ಬಿಲ್ಡ್‌ಗಳು (ಕೋಡ್‌ನಿಂದ ಕಟ್ಟಿದ ಪ್ರೋಗ್ರಾಂಗಳು) ಒಂದೇ ಸಂಖ್ಯೆಯನ್ನು ಹೇಳಿದವು. ಆಗಲೇ ಸರಿಪಡಿಸಿದ್ದ ದೋಷವೊಂದನ್ನು ಹುಡುಕುತ್ತ ಇಡೀ ದಿನ ಕಳೆದೆ.

ಈಗ ಪ್ರಾಜೆಕ್ಟ್ ಕಡತದಲ್ಲಿ ಫೈಲ್‌ವರ್ಷನ್ ಎಂಬಲ್ಲಿ 2.4.1 ಎಂದು ಕೊಟ್ಟಿದ್ದೇನೆ. ವಿಂಡೋಸ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದರೆ ಅದೇ ಸಂಖ್ಯೆ ಕಾಣುತ್ತದೆ. ಆದರೆ ಗೆಟ್‌ಎಕ್ಸಿಕ್ಯೂಟಿಂಗ್‌ಅಸೆಂಬ್ಲಿ ಮೂಲಕ ಅಸೆಂಬ್ಲಿಯನ್ನು (ಒಂದು ಪ್ರಾಜೆಕ್ಟ್‌ನ ಕೋಡ್‌ನಿಂದ ಕಟ್ಟಿದ ಘಟಕವನ್ನು) ಪಡೆದು, ಅದರ ಹೆಸರಿನಿಂದ ವರ್ಷನ್ ಓದಿದರೆ 1.0.0.0 ಎಂದೇ ಬರುತ್ತದೆ. ಈ ಕೋಡ್ ಇರುವುದು ಮುಖ್ಯ ಪ್ರಾಜೆಕ್ಟ್‌ನಲ್ಲಲ್ಲ, ಲಾಗ್ ಬರೆಯುವ ಪ್ರತ್ಯೇಕ ಲೈಬ್ರರಿಯಲ್ಲಿ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ 1

ಇಲ್ಲಿ ಎರಡು ತಪ್ಪುಗಳು ಒಂದರ ಮೇಲೊಂದು ಕುಳಿತಿವೆ. ಆದ್ದರಿಂದಲೇ ಒಂದನ್ನು ಸರಿಪಡಿಸಿದರೂ ಫಲ ಕಾಣುವುದಿಲ್ಲ.

ಮೊದಲನೆಯದು, ಗೆಟ್‌ಎಕ್ಸಿಕ್ಯೂಟಿಂಗ್‌ಅಸೆಂಬ್ಲಿ ಕೊಡುವುದು ಆ ಸಾಲು ಯಾವ ಅಸೆಂಬ್ಲಿಯಲ್ಲಿದೆಯೋ ಅದನ್ನು. ನಿಮ್ಮ ಸಾಲು ಲೈಬ್ರರಿಯಲ್ಲಿರುವುದರಿಂದ ನೀವು ಓದುತ್ತಿರುವುದು ಲೈಬ್ರರಿಯ ಆವೃತ್ತಿಯನ್ನು. ಪ್ರೋಗ್ರಾಂನ ಆವೃತ್ತಿ ಬೇಕಿದ್ದರೆ ಗೆಟ್‌ಎಂಟ್ರಿಅಸೆಂಬ್ಲಿ ಬಳಸಿ.

ಎರಡನೆಯದು, ಡಾಟ್ ನೆಟ್‌ನಲ್ಲಿ ಆವೃತ್ತಿ ಎಂಬುದು ಒಂದಲ್ಲ, ಮೂರು. ಅಸೆಂಬ್ಲಿವರ್ಷನ್ ಎಂಬುದನ್ನು ರನ್‌ಟೈಮ್ (ಪ್ರೋಗ್ರಾಂ ಅನ್ನು ಓಡಿಸುವ ವ್ಯವಸ್ಥೆ) ಅಸೆಂಬ್ಲಿಯನ್ನು ಗುರುತಿಸಲು ಬಳಸುತ್ತದೆ, ಮತ್ತು ನಿಮ್ಮ ಕೋಡ್ ಓದುತ್ತಿರುವುದು ಇದನ್ನೇ. ಫೈಲ್‌ವರ್ಷನ್ ಎಂಬುದು ವಿಂಡೋಸ್ ಪ್ರಾಪರ್ಟೀಸ್‌ನಲ್ಲಿ ತೋರಿಸುವ ಸಂಖ್ಯೆ. ಇನ್ಫರ್ಮೇಷನಲ್‌ವರ್ಷನ್ ಬರಿಯ ಪಠ್ಯವಾದ್ದರಿಂದ ಅದರಲ್ಲಿ 'ಬೀಟಾ' ಎಂಬಂಥ ಬಾಲವೂ ಇರಬಹುದು. ನೀವು ಫೈಲ್‌ವರ್ಷನ್ ಒಂದನ್ನೇ ಕೊಟ್ಟಿರುವುದರಿಂದ ಉಳಿದೆರಡು ತಮ್ಮ ಮೂಲ ಬೆಲೆಯಲ್ಲಿಯೇ ನಿಂತಿವೆ.

ಫೈಲ್‌ವರ್ಷನ್ ಸಾಲನ್ನು ತೆಗೆದು ವರ್ಷನ್ ಎಂಬ ಒಂದೇ ಸಾಲಿನಲ್ಲಿ 2.4.1 ಎಂದು ಬರೆಯಿರಿ. ಬಿಲ್ಡ್ ವ್ಯವಸ್ಥೆ ಮೂರನ್ನೂ ಅದರಿಂದಲೇ ಪಡೆಯುತ್ತದೆ. ಆ ಸಾಲನ್ನು ಡೈರೆಕ್ಟರಿ ಡಾಟ್ ಬಿಲ್ಡ್ ಡಾಟ್ ಪ್ರಾಪ್ಸ್ ಎಂಬ, ಎಲ್ಲ ಪ್ರಾಜೆಕ್ಟ್‌ಗಳಿಗೂ ಸಾಮಾನ್ಯವಾದ ಕಡತಕ್ಕೆ ಸರಿಸಿದರೆ ಲೈಬ್ರರಿಗೂ ಅದೇ ಸಂಖ್ಯೆ ಅಂಟುತ್ತದೆ. ಸಂಖ್ಯೆ ಒಂದೇ ಕಡೆ ಇರಬೇಕು, ಉಳಿದೆಲ್ಲವೂ ಅಲ್ಲಿಂದ ಓದಬೇಕು ಎಂಬುದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಉತ್ತರ 2

ಮೇಲಿನ ಉತ್ತರ ಸರಿಯೇ, ಆದರೆ ಗೆಟ್‌ಎಂಟ್ರಿಅಸೆಂಬ್ಲಿಯ ವಿಷಯದಲ್ಲಿ ನನ್ನ ಆಕ್ಷೇಪವಿದೆ. ಯೂನಿಟ್ ಟೆಸ್ಟ್ ಓಡಿಸುವಾಗ ಅದು ನಿಮ್ಮ ಪ್ರೋಗ್ರಾಂ ಬದಲು ಟೆಸ್ಟ್ ಓಡಿಸುವ ಸಾಧನದ ಅಸೆಂಬ್ಲಿಯನ್ನು ಕೊಡಬಹುದು. ಡಾಟ್ ನೆಟ್ ಅಲ್ಲದ ಕೋಡ್ ನಿಮ್ಮ ಲೈಬ್ರರಿಯನ್ನು ಕರೆದಾಗ ನಲ್ (ಏನೂ ಇಲ್ಲ ಎಂಬ ಬೆಲೆ) ಬರುವುದೂ ಉಂಟು. ಮುಖ್ಯ ಪ್ರಾಜೆಕ್ಟ್‌ನಲ್ಲಿರುವ ಒಂದು ಕ್ಲಾಸ್‌ನ ಟೈಪ್‌ನಿಂದ ಅಸೆಂಬ್ಲಿಯನ್ನು ಪಡೆದು, ಅಲ್ಲಿಯೇ ಆವೃತ್ತಿಯನ್ನು ಓದಿ, ಲಾಗ್ ಲೈಬ್ರರಿಗೆ ಅದನ್ನು ಮೌಲ್ಯವಾಗಿ ಒಪ್ಪಿಸುವುದು ಹೆಚ್ಚು ಭದ್ರವಾದ ಕ್ರಮ. ಲಾಗ್ ಬರೆಯುವ ಕೋಡ್ ತನ್ನನ್ನು ಕರೆದವರು ಯಾರೆಂದು ಊಹಿಸಬೇಕಾದ ಅಗತ್ಯವೇ ಇಲ್ಲ.

ಇನ್ನೊಂದು ಎಚ್ಚರಿಕೆ: ಅಸೆಂಬ್ಲಿಯ ಲೊಕೇಶನ್‌ನಿಂದ ಕಡತದ ದಾರಿ ತಿಳಿದು ಫೈಲ್‌ವರ್ಷನ್‌ಇನ್ಫೋ ಓದಲು ಹೋಗಬೇಡಿ. ಇಡೀ ಪ್ರೋಗ್ರಾಂ ಅನ್ನು ಒಂದೇ ಕಡತವಾಗಿ ಪಬ್ಲಿಷ್ ಮಾಡಿದ ದಿನ ಆ ಲೊಕೇಶನ್ ಖಾಲಿ ಸ್ಟ್ರಿಂಗ್ ಆಗಿರುತ್ತದೆ. ಅಸೆಂಬ್ಲಿಗೆ ಅಂಟಿಸಿದ ಇನ್ಫರ್ಮೇಷನಲ್‌ವರ್ಷನ್ ಗುಣವನ್ನು ನೇರವಾಗಿ ಓದಿದರೆ ಈ ತೊಡಕಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮುಖ್ಯ ಪ್ರಾಜೆಕ್ಟ್‌ನಿಂದಲೇ ಇನ್ಫರ್ಮೇಷನಲ್‌ವರ್ಷನ್ ಓದಿ ಒಪ್ಪಿಸುತ್ತಿದ್ದೇನೆ. ಈಗ 2.4.1 ಬರುತ್ತಿದೆ, ಆದರೆ ಅದರ ನಂತರ ಒಂದು ಕೂಡಿಸುವ ಚಿಹ್ನೆ, ಆಮೇಲೆ ಅಂಕಿಗಳೂ ಅಕ್ಷರಗಳೂ ಬೆರೆತ 40 ಸ್ಥಾನಗಳ ಸಾಲು ಇದೆ. ನಾನು ಅದನ್ನು ಎಲ್ಲಿಯೂ ಬರೆದಿಲ್ಲ. ಜೊತೆಗೆ, ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವ ಭಾಗವು ಅಸೆಂಬ್ಲಿವರ್ಷನ್ ಅನ್ನು ಸರ್ವರ್ ಹೇಳುವ 2.4.1ರ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೂ ಅವು ಸಮವಲ್ಲ ಎನ್ನುತ್ತಿದೆ.

ಉತ್ತರ 3

ಆ ಉದ್ದನೆಯ ಸಾಲು ಗಿಟ್ ಕಮಿಟ್‌ನ ಹ್ಯಾಶ್, ಅಂದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಪ್ರತಿ ದಾಖಲೆಗೂ ಇರುವ ಗುರುತು. ಡಾಟ್ ನೆಟ್ 8ರ ಎಸ್‌ಡಿಕೆ (ಪ್ರೋಗ್ರಾಂ ಕಟ್ಟುವ ಸಾಧನಗಳ ಕಟ್ಟು) ಅದನ್ನು ತಾನಾಗಿಯೇ ಸೇರಿಸುತ್ತದೆ. ದಯವಿಟ್ಟು ಅದನ್ನು ಅಳಿಸಬೇಡಿ. ಪರದೆಯ ಮೇಲೆ ತೋರಿಸುವಾಗ ಕೂಡಿಸುವ ಚಿಹ್ನೆಗೆ ಮೊದಲು ಬರುವ ಭಾಗವನ್ನಷ್ಟೇ ತೆಗೆದುಕೊಳ್ಳಿ, ಲಾಗ್‌ನಲ್ಲಿ ಮಾತ್ರ ಪೂರ್ತಿಯಾಗಿ ಬರೆಯಿರಿ. ಸಂಖ್ಯೆಯನ್ನು ಏರಿಸಲು ನೀವು ಮತ್ತೊಮ್ಮೆ ಮರೆತರೂ, ಬೇರೆ ಬೇರೆ ಕಮಿಟ್‌ಗಳಿಂದ ಹುಟ್ಟಿದ ಎರಡು ಬಿಲ್ಡ್‌ಗಳನ್ನು ಆ ಹ್ಯಾಶ್ ಬೇರ್ಪಡಿಸಿ ತೋರಿಸುತ್ತದೆ. ನೀವು ಕಳೆದುಕೊಂಡ ಆ ದಿನ ಉಳಿಯುತ್ತಿದ್ದದ್ದು ಇದರಿಂದಲೇ.

ಹೋಲಿಕೆಯ ತೊಂದರೆ ನಾಲ್ಕನೆಯ ಸ್ಥಾನದ್ದು. ಅಸೆಂಬ್ಲಿವರ್ಷನ್ ಓದಿದಾಗ ಬರುವುದು 2.4.1.0. ಸರ್ವರ್ ಕೊಟ್ಟ 2.4.1ರಲ್ಲಿ ನಾಲ್ಕನೆಯ ಸ್ಥಾನವೇ ಇಲ್ಲ, ಮತ್ತು ಇಲ್ಲದ ಸ್ಥಾನವನ್ನು ವರ್ಷನ್ ಕ್ಲಾಸ್ ಸೊನ್ನೆ ಎಂದಲ್ಲ, ಮೈನಸ್ 1 ಎಂದು ಇಟ್ಟುಕೊಳ್ಳುತ್ತದೆ. ಹೀಗಾಗಿ 2.4.1 ಎಂಬುದು 2.4.1.0ಕ್ಕಿಂತ ಚಿಕ್ಕದಾಗುತ್ತದೆ. ಎರಡೂ ಕಡೆ ಮೊದಲ ಮೂರು ಸ್ಥಾನಗಳಿಂದ ಹೊಸ ವರ್ಷನ್ ವಸ್ತುವನ್ನು ಕಟ್ಟಿ, ಆಮೇಲೆ ಹೋಲಿಸಿ. ಬೇಸತ್ತು ಬರಿಯ ಸ್ಟ್ರಿಂಗ್ ಹೋಲಿಕೆಗೆ ಮಾತ್ರ ಇಳಿಯಬೇಡಿ, ಅಲ್ಲಿ 2.10.0 ಎಂಬುದು 2.9.0ಕ್ಕಿಂತ ಹಳೆಯದಾಗಿಬಿಡುತ್ತದೆ.