ದೊಡ್ಡೋರಿಗೆ ಎಸ್‌ಎಸ್‌ಪಿಇ ಅನ್ನೋ ಮಿದುಳಿನ ಕಾಯಿಲೆ ಬಂದಿರೋ ಮನೆಯವರು ಯಾರಾದ್ರೂ ಇದ್ದೀರಾ?

ತಮ್ಮನಿಗೆ 24 ವರ್ಷ. ಮೂರು ತಿಂಗಳಿಂದ ಕೈ ತಟ್ಟಂತ ಎಗರುತ್ತೆ, ಮರೆವು ಬೇರೆ. ಚಿಕ್ಕವನಿದ್ದಾಗ ದಡಾರ ಆಗಿತ್ತು, ಆ ವೈರಸ್ಸೇ ಮಿದುಳಲ್ಲಿ ಉಳ್ಕೊಂಡು ಈಗ ಎಸ್‌ಎಸ್‌ಪಿಇ ಆಗಿದೆ ಅಂತಾರೆ. ಯಾವ ಔಷಧಿ ಕೊಡ್ಸಿದ್ರಿ, ಏನಾದ್ರೂ ಉಪಯೋಗ ಆಯ್ತಾ? ದಯವಿಟ್ಟು ಹೇಳಿ.

ಅಕ್ಕಾ, ನಮ್ಮ ಯಜಮಾನರಿಗೆ 27ಕ್ಕೆ ಶುರುವಾಗಿದ್ದು. ಮೊದಲು ಕಣ್ಣು ಮಂಜು ಅಂದ್ರು, ಕನ್ನಡಕ ಬದಲಾಯಿಸಿದ್ವಿ, ಆಮೇಲೆ ಸಿಟ್ಟು ಮರೆವು ನೋಡಿ ಒಬ್ಬ ಡಾಕ್ಟ್ರು ಮಾನಸಿಕ ಅಂತ ಮಾತ್ರೆ ಕೊಟ್ರು, ಅದ್ರಲ್ಲೇ ಆರು ತಿಂಗಳು ಹೋಯ್ತು. ಟೀ ಲೋಟ ಹಿಡ್ಕೊಂಡ್ರೆ ಏಳೆಂಟು ಸೆಕೆಂಡಿಗೊಂದ್ಸಲ ಕೈ ಎಗರಿ ಅಂಗಿ ಮೇಲೆಲ್ಲ ಚೆಲ್ಲೋದು, ನಾನು ಮನಸಲ್ಲೇ ಎಣಿಸ್ತಾ ಕೂರ್ತಿದ್ದೆ. ನಿಮ್ಹಾನ್ಸ್‌ನಲ್ಲಿ ಇಇಜಿ (ಮಿದುಳಿನ ಅಲೆ ನೋಡೋ ಟೆಸ್ಟ್) ಮಾಡಿದಾಗ ಅದೇ ಲೆಕ್ಕದಲ್ಲಿ ದೊಡ್ಡ ಅಲೆ ಬಂತು, ಬೆನ್ನಿನ ನೀರು ತೆಗೆದು ದಡಾರದ ಆಂಟಿಬಾಡಿ ನೋಡಿ ಇದೇ ಅಂದ್ರು. ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ ಅಂತ ನೇರವಾಗೇ ಹೇಳಿದ್ರು. ವೈರಸ್ ತಡೆಯೋಕೆ ಅಂತ ಐಸೊಪ್ರಿನೊಸಿನ್ ಮಾತ್ರೆ ಕೊಟ್ರು, ಅದಕ್ಕೆ ಯೂರಿಕ್ ಆಸಿಡ್ ಏರುತ್ತೆ, ಆಗಾಗ ರಕ್ತ ಟೆಸ್ಟ್ ಮಾಡ್ಸಿ. ಆದ್ರೆ ನಮಗೆ ಕಣ್ಣಿಗೆ ಕಂಡಂಥ ಬದಲಾವಣೆ ಆಗಿದ್ದು ಫಿಟ್ಸ್‌ಗೆ ಕೊಡೋ ಕಾರ್ಬಮಜೆಪಿನ್‌ನಿಂದ, ಎಗರೋದು ಎಷ್ಟೋ ಕಮ್ಮಿಯಾಗಿ ಒಂದು ವರ್ಷ ತಾವೇ ಕಲಸಿ ಊಟ ಮಾಡಿದ್ರು. ಅದನ್ನ ಡಾಕ್ಟ್ರ ಹತ್ರ ಕೇಳಿ, ನೀವಾಗೇ ಶುರು ಮಾಡ್ಬೇಡಿ, ನಿಲ್ಲಿಸ್ಲೂಬೇಡಿ.

ಅಕ್ಕಾ, ನಮ್ಮನೇದೂ ಹೇಳ್ತೀನಿ. ನಮ್ಮಣ್ಣನಿಗೆ ಇಂಟರ್‌ಫೆರಾನ್ ಅನ್ನೋ ವೈರಸ್ ತಡೆಯೋ ಇಂಜೆಕ್ಷನ್ನೂ ಕೊಡ್ಸಿದ್ವಿ, ಬೆನ್ನಲ್ಲಿ ಚುಚ್ಚಿ. ಚುಚ್ಚಿದ ದಿನ ಚಳಿಜ್ವರ ಬರ್ತಿತ್ತು, ಖರ್ಚೂ ವಿಪರೀತ. ಸ್ವಲ್ಪ ಕಾಲ ರೋಗ ಅಲ್ಲಲ್ಲೇ ನಿಂತಂಗಿತ್ತು, ಕೊನೆಗೆ ಉಳೀಲಿಲ್ಲ. ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುತ್ತೆ ಅಂತಾರೆ ಡಾಕ್ಟ್ರು, ಅದಕ್ಕೇ ಬೇಡ ಅನ್ನಲ್ಲ, ಆದ್ರೆ ಜಮೀನು ಮಾರೋಕೆ ಮುಂಚೆ ಎಷ್ಟು ತಿಂಗಳು ಕೊಟ್ಟು ನೋಡ್ತೀರಿ, ಯಾವಾಗ ನಿಲ್ಲಿಸ್ತೀರಿ ಅಂತ ಕೇಳ್ಕೊಳ್ಳಿ.

ಅಕ್ಕಾ, ನಮ್ಮದೂ ಒಂದು ಮಾತು, ಇದು ಅಂಟೋ ಕಾಯಿಲೆ ಅಲ್ಲ. ಈ ಕಾಯಿಲೆ ಬಂದ ನಮ್ಮ ಮಗನ ಹತ್ರ ನೆಂಟರು ಮಕ್ಕಳನ್ನ ಬಿಡ್ತಿರ್ಲಿಲ್ಲ, ಅವನಿಗೆ ಅದೇ ದೊಡ್ಡ ಸಂಕಟ. ಮನೇಲಿ ಪುಟ್ಟ ಮಕ್ಕಳಿದ್ರೆ 9 ತಿಂಗಳಿಗೆ, ಆಮೇಲೆ 16ರಿಂದ 24 ತಿಂಗಳೊಳಗೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ತಪ್ಪಿಸ್ಬೇಡಿ. ತಮ್ಮನಿಗೆ ನೀರು ಕುಡಿವಾಗ ಕೆಮ್ಮು ಬರ್ತಿದ್ರೆ ಮಲಗಿಸಿ ಕುಡಿಸ್ಬೇಡಿ, ನೆಟ್ಟಗೆ ಕೂರ್ಸಿ ಗಂಜಿ ಥರ ಗಟ್ಟಿ ಮಾಡಿ ಚಮಚದಲ್ಲಿ ಕೊಡಿ, ಡಾಕ್ಟ್ರಿಗೂ ತಿಳಿಸಿ. ಈಗ ಅವ್ನು ನಡೀತಾನಾ?