ಹಳೆ ಅಲ್ಯೂಮಿನಿಯಂ ದೋಣಿಯ ತಳದ ಕಲೆ ತೆಗೆಯಲು ಯಾವ ಆಸಿಡ್, ಎಷ್ಟು?

ಕಲ್ಯಾಣಪುರ ದೋಣಿ:
ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ದೋಣಿ, 14 ಅಡಿ, ರಿವೆಟ್ ಹೊಡೆದದ್ದು, ತಳದ ತಗಡು 2 ಮಿ.ಮೀ. ಸುವರ್ಣಾ ಹೊಳೆಗೆ ಇಳಿಸುವುದು, ಒಮ್ಮೊಮ್ಮೆ ಕೋಡಿಬೆಂಗ್ರೆ ಅಳಿವೆಯವರೆಗೆ. ನೀರಿನ ಗೆರೆಯ ಕೆಳಗೆ ಪೂರ್ತಿ ಕಂದು-ಹಸಿರು ಕಲೆ, ಅಲ್ಲಲ್ಲಿ ಒಣಗಿದ ಬಾರ್ನಕಲ್ (ದೋಣಿತಳಕ್ಕೆ ಅಂಟುವ ಸಣ್ಣ ಕಡಲಜೀವಿ) ಚಿಪ್ಪು. ಎಂಜಿನ್ ಕೂರುವ ಹಿಂಬದಿ ಹಲಗೆಯಲ್ಲಿ ಸ್ಟೀಲ್ ಬೋಲ್ಟಿನ ಸುತ್ತ ಬಿಳಿ ಹುಡಿ ಉಂಟು. ಬಾತ್‌ರೂಮ್ ಆಸಿಡ್ ಹಾಕಿ ಅಂತ ಒಬ್ಬರು, ಕಾಸ್ಟಿಕ್ ಸೋಡಾ ಅಂತ ಇನ್ನೊಬ್ಬರು. ಆಮೇಲೆ ಫೈಬರ್ ದೋಣಿಗೆ ಹಚ್ಚುವ ಕೆಂಪು ಪೈಂಟ್ ಇದಕ್ಕೂ ಆಗ್ತದಾ? ಗೊತ್ತಿದ್ದವರು ಹೇಳಿ.

ಬೆಂಗ್ರೆ ವೆಲ್ಡರ್:
ಎರಡೂ ಬೇಡ ಮಾರಾಯ್ರೆ. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್. ಅಲ್ಯೂಮಿನಿಯಂ ಮೇಲೆ ತಾನಾಗಿ ಕಟ್ಟಿ ಅದನ್ನು ಕಾಯುವ ಆಕ್ಸೈಡ್ ಪದರ ಒಡೆದು ಗುಳಿ ಹಾಕ್ತದೆ. ರಿವೆಟ್ ತಲೆಯಡಿ ಸೇರಿಕೊಂಡದ್ದು ತೊಳೆದ ಮೇಲೂ ತಿನ್ನುತ್ತಲೇ ಇರ್ತದೆ. ಕಾಸ್ಟಿಕ್ ಸೋಡಾ ಲೋಹವನ್ನೇ ಕರಗಿಸ್ತದೆ. ಆಗ ಏಳುವ ಗುಳ್ಳೆ ಹೈಡ್ರೋಜನ್, ಕೊಳೆ ಬಿಟ್ಟ ಲಕ್ಷಣ ಅಲ್ಲ. ಅಲ್ಯೂಮಿನಿಯಂ ಪಾತ್ರೆ ಸೋಡಾದಲ್ಲಿ ಕಪ್ಪಾಗುವುದು, ಹುಣಸೆಹುಳಿ ಕುದಿಸಿದರೆ ಬೆಳ್ಳಗಾಗುವುದು ನೋಡಿದ್ದೀರಲ್ಲ. ದೋಣಿಗೂ ಅದೇ ಲೆಕ್ಕ, ಮೆದು ಹುಳಿ ಸಾಕು.

ಮೊದಲು ಸಿಹಿನೀರಲ್ಲಿ ಉಪ್ಪು, ಕೆಸರು ಹೋಗುವಷ್ಟು ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೈಲಾನ್ ಬ್ರಶ್ಶಲ್ಲಿ ಉಜ್ಜಿ ಪಾಚಿ, ಎಣ್ಣೆ ತೆಗೆಯಿರಿ. ಜಿಡ್ಡು ಉಳಿದ ಜಾಗಕ್ಕೆ ಹುಳಿ ತಾಗುವುದಿಲ್ಲ, ಕಲೆ ಪಟ್ಟೆಪಟ್ಟೆಯಾಗಿ ಉಳಿಯುತ್ತದೆ. ಚಿಪ್ಪು ಸುಣ್ಣದ್ದೇ ಆದ ಕಾರಣ ವಿನೆಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಹೊದೆಸಿ, ಒಣಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಸಿ. ಮೆತ್ತಗಾದ ಮೇಲೆ ಮರದ ಚಕ್ಕೆಯಲ್ಲಿ ಎಬ್ಬಿಸಿ. ಕಬ್ಬಿಣದ ಕರಣೆ, ತಂತಿ ಬ್ರಶ್, ಸ್ಟೀಲ್ ಉಲ್ಲನ್ ಹತ್ತಿರ ತರಬೇಡಿ. ಕಬ್ಬಿಣದ ಕಣ ಮೆದು ತಗಡಿನೊಳಗೆ ಹೂತು ಕೂರ್ತದೆ, ಒಂದು ವಾರದಲ್ಲಿ ತುಕ್ಕಿನ ಚುಕ್ಕಿ, ಅದರಡಿಯಲ್ಲಿ ಗುಳಿ.

ಉಳಿದ ಕಂದು ಕಲೆಗೆ ಸಿಟ್ರಿಕ್ ಆಸಿಡ್ ಹುಡಿ, 10 ಲೀಟರ್ ನೀರಿಗೆ 500 ಗ್ರಾಂ. ನೆರಳಲ್ಲಿ, ತಗಡು ತಣ್ಣಗಿರುವಾಗ, ಮೈ ಒದ್ದೆ ಮಾಡಿ ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿಂದ ಹಚ್ಚಿದರೆ ಒಣಮೈಯಲ್ಲಿ ಇಳಿದ ಧಾರೆಯೇ ಹೊಸ ಗೆರೆಯಾಗಿ ಕೂರುತ್ತದೆ. ಒಂದು ಸಲಕ್ಕೆ ಒಂದು ಚದರ ಮೀಟರ್ ಜಾಗ, 10 ನಿಮಿಷ, ಒಣಗಲು ಬಿಡದೆ ತೊಳೆಯುವುದು. ಬೇಕಿದ್ದರೆ ಇನ್ನೊಮ್ಮೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಫಾಸ್ಫೋರಿಕ್: 85% ಆಸಿಡ್ 1 ಲೀಟರಿಗೆ 13 ಲೀಟರ್ ನೀರು, ಸುಮಾರು 10% ಆಗ್ತದೆ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡಿಗೆ ನೀರಲ್ಲ. ರಬ್ಬರ್ ಗ್ಲೌಸ್, ಕನ್ನಡಕ ಬೇಕೇ ಬೇಕು. 3 ನಿಮಿಷ ದಾಟಿಸಬೇಡಿ, ಮೊದಲು ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ. ಬ್ಲೀಚಿಂಗ್ ಪೌಡರ್ ಬಳಸಿದ ಬಕೆಟ್‌ನಲ್ಲಿ ಯಾವ ಆಸಿಡನ್ನೂ ಕಲಸಬಾರದು, ಕ್ಲೋರಿನ್ ಗ್ಯಾಸ್ ಏಳ್ತದೆ. ಅಲ್ಯೂಮಿನಿಯಂ ಹೊಳಪಿಗೆ ಅಂತ ಮಾರುವ ಕೆಲವು ಲಿಕ್ವಿಡ್‌ಗಳಲ್ಲಿ ಹೈಡ್ರೋಫ್ಲೋರಿಕ್ ಇರ್ತದೆ. ಚರ್ಮಕ್ಕೆ ತಾಗಿದಾಗ ಉರಿ ಗೊತ್ತಾಗದೆ ಒಳಗೆ ಇಳಿಯುವ ಆಸಿಡ್ ಅದು. ಲೇಬಲ್ ಓದಿ, ಇದ್ದರೆ ಬೇಡ.

ಕಾಪು ಕಡೆಯವ:
ಕಲೆಗಿಂತ ಆ ಬಿಳಿ ಹುಡಿ ಗಂಭೀರ. ಸ್ಟೇನ್‌ಲೆಸ್ ಬೋಲ್ಟು, ಅಲ್ಯೂಮಿನಿಯಂ, ನಡುವೆ ಉಪ್ಪುನೀರು, ಮೂರು ಸೇರಿದರೆ ಬ್ಯಾಟರಿಯ ಹಾಗೆ. ಸವೆಯುವುದು ಅಲ್ಯೂಮಿನಿಯಂ. ಬೋಲ್ಟು ಬಿಚ್ಚಿ, ಹುಡಿ ಕೆರೆದು, ಮೊಂಡು ಸೂಜಿಯಲ್ಲಿ ಗುಳಿಯ ಆಳ ನೋಡಿ. ಅರ್ಧ ಮಿ.ಮೀ. ಒಳಗಿದ್ದರೆ ಶುಚಿ ಮಾಡಿ ಎಪಾಕ್ಸಿ ತುಂಬಿಸಬಹುದು. 1 ಮಿ.ಮೀ. ದಾಟಿದರೆ ನಿಮ್ಮ ತಗಡು ಅರ್ಧ ಹೋಯಿತು ಅಂತ ಲೆಕ್ಕ. 5052 (ಉಪ್ಪುನೀರು ತಡೆಯುವ ಅಲ್ಯೂಮಿನಿಯಂ ಮಿಶ್ರಲೋಹ) ತಗಡಿನ ತೇಪೆ, ಸೀಲಂಟ್, ಬಾಯಿ ಮುಚ್ಚಿದ ಅಲ್ಯೂಮಿನಿಯಂ ರಿವೆಟ್. ಪುನಃ ಕೂರಿಸುವಾಗ ಬೋಲ್ಟಿಗೆ ನೈಲಾನ್ ವಾಷರ್, ಪ್ಲಾಸ್ಟಿಕ್ ಬುಶ್, ತೂತಿಗೆ ಪಾಲಿಯುರೆಥೇನ್ ಸೀಲಂಟ್. ಲೋಹಕ್ಕೆ ಲೋಹ ತಾಗಬಾರದು.

ಸೋರುವ ರಿವೆಟ್ ಹುಡುಕಲು ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಸಮವಾಗಿ ಕೂರಿಸಿ ಒಳಗೆ ನೀರು ತುಂಬಿಸಿ, ಕೆಳಗಿನಿಂದ ನೋಡಿ. ಹೆಚ್ಚು ಬೇಡ, 3 ಚದರ ಮೀಟರ್ ತಳಕ್ಕೆ 10 ಸೆಂ.ಮೀ. ನೀರೆಂದರೆ 300 ಕಿಲೋ. ಹನಿ ಬಂದಲ್ಲಿ ಸ್ಕೆಚ್ ಪೆನ್ನಲ್ಲಿ ಗುರುತು ಹಾಕಿ. ಪೆನ್ಸಿಲ್ ಬೇಡ, ಅದರ ಗ್ರಾಫೈಟ್ ಕೂಡ ಉಪ್ಪುನೀರಲ್ಲಿ ಅಲ್ಯೂಮಿನಿಯಂ ತಿನ್ನಿಸ್ತದೆ.

ಮಲ್ಪೆ ಪೈಂಟ್ ಕೆಲಸ:
ಕೆಂಪು ಪೈಂಟಿನ ವಿಷಯ: ಫೈಬರ್ ಬೋಟಿಗೆ ಹಾಕುವ, ಪಾಚಿ-ಚಿಪ್ಪು ಹಿಡಿಯದಂತೆ ತಡೆಯುವ ಹೆಚ್ಚಿನ ಆ್ಯಂಟಿಫೌಲಿಂಗ್‌ನಲ್ಲಿ ತಾಮ್ರದ ಆಕ್ಸೈಡ್ ಇರ್ತದೆ. ಫೈಬರಿಗೆ ತೊಂದರೆ ಇಲ್ಲ, ಅಲ್ಯೂಮಿನಿಯಂಗೆ ವಿಷ. ಪೈಂಟ್ ಒಂದು ಕಡೆ ಗೀಚಿದರೂ ಸಾಕು, ಅಲ್ಲಿಂದ ಗುಳಿ ಶುರು. ತಾಮ್ರ ಇಲ್ಲದ್ದು ಅಂತ ಡಬ್ಬಿಯಲ್ಲಿ ಬರೆದದ್ದನ್ನೇ ಕೇಳಿ. ದಿನಾ ಮೇಲೆ ಎಳೆಯುವ ದೋಣಿಯಾದರೆ ಆ್ಯಂಟಿಫೌಲಿಂಗೇ ಬೇಡ.

ಬಣ್ಣ ಹಚ್ಚುವುದೇ ಆದರೆ ಮೊದಲು ಥಿನ್ನರಲ್ಲಿ ಒರೆಸಿ, ಆಮೇಲೆ 120 ನಂಬರ್ ಸ್ಯಾಂಡ್ ಪೇಪರಲ್ಲಿ ಉಜ್ಜಿ. ತಿರುಗಾಮುರುಗ ಮಾಡಿದರೆ ಜಿಡ್ಡನ್ನು ಗೀರುಗಳೊಳಗೆ ತಿಕ್ಕಿದ ಹಾಗಾಗ್ತದೆ. ಉಜ್ಜಿದ ಅಲ್ಯೂಮಿನಿಯಂ ಮೇಲೆ ಕೂಡಲೇ ಆಕ್ಸೈಡ್ ಕಟ್ಟುವ ಕಾರಣ ಅದೇ ದಿನ, ಎರಡು ಮೂರು ಗಂಟೆಯೊಳಗೆ ಅಲ್ಯೂಮಿನಿಯಂಗೆ ಹೊಂದುವ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ, ನಮ್ಮಲ್ಲಿ ತಗಡು ಬೆವರಿಕೊಂಡೇ ಇರ್ತದೆ. ದೀಪಾವಳಿ ಕಳೆದ ಮೇಲೆ, ಬೆಳಗ್ಗಿನ ಇಬ್ಬನಿ ಆರಿದ ನಂತರ ಮಾಡಿ. ಪಾಲಿಶ್ ಮಾಡಿ ಕನ್ನಡಿ ಮಾಡುವ ಆಸೆ ನೀರಿನ ಗೆರೆಯ ಕೆಳಗೆ ಬೇಡವೇ ಬೇಡ. ಆ ಮಂಕು ಬೂದು ಪದರವೇ ದೋಣಿಯ ಕವಚ.

ಕಲ್ಯಾಣಪುರ ದೋಣಿ:
ತುಂಬ ಉಪಕಾರ. ಒಳಗೆ ಪ್ಲೈವುಡ್ ಹಾಸು, ಅದರಡಿಯಲ್ಲಿ ಫೋಮ್ ಉಂಟು. ಅದನ್ನು ಕೀಳಬೇಕಾ? ಆನೋಡ್ (ದೋಣಿಯ ಬದಲು ತಾನು ಸವೆಯಲು ಕೂರಿಸುವ ಲೋಹದ ತುಂಡು) ಝಿಂಕಿನದ್ದು ಸಾಕಾ?

ಬೆಂಗ್ರೆ ವೆಲ್ಡರ್:
ಖಂಡಿತ ಕೀಳಿ. ಒದ್ದೆ ಫೋಮ್ ತಗಡಿಗೆ ಒತ್ತಿಕೊಂಡಲ್ಲಿ ಗಾಳಿ ಸಿಗದೆ ಆಕ್ಸೈಡ್ ಪದರ ಮತ್ತೆ ಕಟ್ಟುವುದಿಲ್ಲ, ಹೊರಗಿಂದ ಚೆಂದ ಕಂಡರೂ ಒಳಗಿಂದ ತೂತು ಬೀಳ್ತದೆ. ಪ್ಲೈವುಡ್ ಹಸಿರು ಛಾಯೆಯದ್ದಾದರೆ ತಾಮ್ರದ ಔಷಧಿ ಕುಡಿಸಿದ್ದಿರಬಹುದು, ವಾಪಸ್ ಹಾಕಬೇಡಿ. ಮೂಲೆಯ ಹೊಯಿಗೆ, ಬಿದ್ದ ನಾಣ್ಯ, ತಾಮ್ರದ ವಯರ್ ತುಂಡು ಎಲ್ಲ ಹೆಕ್ಕಿ.

ಕಲ್ಯಾಣಪುರದಲ್ಲಿ ಮಳೆಗಾಲ ಹೊಳೆ ಸಿಹಿ, ಬೇಸಗೆಯಲ್ಲಿ ಉಬ್ಬರಕ್ಕೆ ಉಪ್ಪು ಏರ್ತದೆ. ಇಂಥ ಬೆರಕೆ ನೀರಲ್ಲಿ ಝಿಂಕಿನ ಮೇಲೆ ಗಟ್ಟಿ ಹೊಟ್ಟು ಕಟ್ಟಿ ಅದು ಕೆಲಸ ನಿಲ್ಲಿಸ್ತದೆ, ಅಲ್ಯೂಮಿನಿಯಂ ಆನೋಡ್ ಹಾಕಿ. ಕೂರಿಸುವ ಜಾಗದ ಪೈಂಟ್ ಕೆರೆದು ಲೋಹಕ್ಕೆ ಲೋಹ ತಾಗಿಸಿ, ಇದೊಂದು ಕಡೆ ಮಾತ್ರ. ಆನೋಡ್ ಮೇಲೆ ಬಣ್ಣ ಬೀಳಬಾರದು, ಅರ್ಧ ಸವೆದಾಗ ಬದಲಿಸಿ.