ಹೆಕ್ಸಮೈನ್ ಬಿಲ್ಲೆಯೋ ಸ್ಪಿರಿಟ್ಟೋ? ಇಬ್ಬರಿಗೆ, ಮೂರು ರಾತ್ರಿಗೆ, ಹರ್ ಕಿ ದೂನ್‌ಗೆ

ಬೆನ್ನುಚೀಲ:

ಅಕ್ಟೋಬರ್‌ನಲ್ಲಿ ಉತ್ತರಾಖಂಡದ ಹರ್ ಕಿ ದೂನ್ ಕಣಿವೆಗೆ ಇಬ್ಬರು ಚಾರಣ ಹೊರಟಿದ್ದೇವೆ. ಟೆಂಟ್‌ನಲ್ಲಿ ಮೂರು ರಾತ್ರಿ. ರಾತ್ರಿ ಸೂಪು, ನೂಡಲ್ಸ್. ಬೆಳಗ್ಗೆ ಚಹಾ, ಜೊತೆಗೆ ರೆಡಿ ಮಿಕ್ಸ್ ಉಪ್ಪಿಟ್ಟು ಅಥವಾ ಓಟ್ಸ್. ಮಧ್ಯಾಹ್ನ ಒಲೆ ಹಚ್ಚುವುದಿಲ್ಲ. ಹೊತ್ತಿಗೆ ಒಂದು ಲೀಟರ್ ನೀರು ಕಾಯಿಸಿದರೆ ಸಾಕು, ಅರ್ಧರ್ಧ ಲೀಟರಿನಂತೆ ಎರಡು ಸಲ. ಪಾತ್ರೆ 900 ಮಿ.ಲೀ. ಅಲ್ಯೂಮಿನಿಯಂ, ತಳ 12 ಸೆಂ.ಮೀ. ಅಗಲ, ಮುಚ್ಚಳ ಇದೆ.

ಗ್ಯಾಸ್ ಬೇಡ ಅಂತ ತೀರ್ಮಾನಿಸಿದ್ದೇವೆ. ಅರ್ಧ ಖಾಲಿಯಾದ ಕ್ಯಾನಿಸ್ಟರ್‌ಗಳು ಮನೆಯಲ್ಲಿ ಸಾಲಾಗಿ ಕೂತಿವೆ. ಉಳಿದದ್ದು ಹೆಕ್ಸಮೈನ್ ಬಿಲ್ಲೆ (ಘನ ಇಂಧನದ ಬಿಲ್ಲೆ) ಅಥವಾ ಸ್ಪಿರಿಟ್ (ಆಲ್ಕೋಹಾಲ್) ಒಲೆ. ತೂಕದಲ್ಲಿ ಯಾವುದು ಲಾಭ? ಚಳಿಯಲ್ಲಿ ಯಾವುದು ಕೈಕೊಡುತ್ತದೆ? ಬೆಂಗಳೂರಿಂದ ಡೆಹ್ರಾಡೂನ್‌ವರೆಗೆ ರೈಲಲ್ಲಿ ಒಯ್ಯಬಹುದಾ? ಪೇಂಟ್ ಅಂಗಡಿಯಲ್ಲಿ ಸಿಗುವ ಥಿನ್ನರ್ರೂ ಸ್ಪಿರಿಟ್ಟೂ ಒಂದೇನಾ?

ಕರಿಪಾತ್ರೆ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ಥಿನ್ನರ್‌ನಲ್ಲಿ ಟಾಲೂಯೀನ್, ಅಸಿಟೋನ್ ಥರದ್ದು ಇರುತ್ತದೆ. ಸ್ಪಿರಿಟ್ ಒಲೆಗೆ ಅದನ್ನು ಸುರಿದರೆ ದಪ್ಪ ಕಪ್ಪು ಹೊಗೆ ಏಳುತ್ತದೆ, ಉರಿ ಹಿಡಿತಕ್ಕೆ ಬರುವುದಿಲ್ಲ. ಆ ಡಬ್ಬಿ ಮುಟ್ಟಲೇಬೇಡಿ.

ನಿಮ್ಮ ಅಡುಗೆ ಅಂದರೆ ಬರೀ ನೀರು ಕಾಯಿಸುವುದು. ಅದಕ್ಕೆ ಬಿಲ್ಲೆ ಸಾಕು. ಮೂರು ರಾತ್ರಿ, ಮೂರು ಬೆಳಗು, ಹೊತ್ತಿಗೆ ಎರಡು ಸಲ, ಒಟ್ಟು ಹನ್ನೆರಡು ಕುದಿ. ಅರ್ಧ ಲೀಟರಿಗೆ 14 ಗ್ರಾಂ ಬಿಲ್ಲೆ ಒಂದು, ಅಂದರೆ 168 ಗ್ರಾಂ. ಗಾಳಿಗೆ, ಎಡವಟ್ಟಿಗೆ ಅಂತ ಮೂರು ಹೆಚ್ಚಿಗೆ ಹಾಕಿ: 15 ಬಿಲ್ಲೆ, 210 ಗ್ರಾಂ. ಒಂದು ಬಿಲ್ಲೆ ಸುಮಾರು 12 ನಿಮಿಷ ಉರಿಯುತ್ತದೆ, ಗಾಳಿ ಇಲ್ಲದಿದ್ದರೆ ಎಂಟು-ಹತ್ತು ನಿಮಿಷದಲ್ಲಿ ಕುದಿ ಬರುತ್ತದೆ. ಉಳಿದ ಚೂರನ್ನು ಊದಿ ಆರಿಸಿ, ತಣಿದ ಮೇಲೆ ಎತ್ತಿಟ್ಟು ಮುಂದಿನ ಸಲ ಹೊಸ ಬಿಲ್ಲೆಯ ಪಕ್ಕ ಇಡಿ. ಒಂದೇ ಲೋಟ ಚಹಾಕ್ಕೆ ಬಿಲ್ಲೆಯನ್ನು ಅರ್ಧಕ್ಕೆ ಮುರಿದರಾಯಿತು. ಸ್ಪಿರಿಟ್‌ನಲ್ಲಿ ಹೀಗೆ ಎಣಿಸಿ ಕೊಡುವುದಕ್ಕಾಗುವುದಿಲ್ಲ.

ಬಿಲ್ಲೆಯ ತೊಂದರೆ ಬೇರೆ ಕಡೆ ಇದೆ.

ಒಂದು, ಪಾತ್ರೆಯ ತಳಕ್ಕೆ ಅಂಟುವ ಕಂದು ಬಣ್ಣದ ಜಿಗುಟು. ಒಣ ಮಸಿ ಥರ ಒರೆಸಿದರೆ ಹೋಗುವುದಿಲ್ಲ. ಹೊರಡುವ ಮುಂಚೆ ತಳದ ಹೊರಮೈಗೆ ಪಾತ್ರೆ ತೊಳೆಯುವ ಲಿಕ್ವಿಡ್ ತೆಳ್ಳಗೆ ಸವರಿದರೆ ಆಮೇಲೆ ಸಲೀಸಾಗಿ ಬರುತ್ತದೆ. ಏನೇ ಆದರೂ ಪಾತ್ರೆಗೆ ಬೇರೆ ಬಟ್ಟೆ ಚೀಲ ಇರಲಿ, ಇಲ್ಲದಿದ್ದರೆ ಸ್ಲೀಪಿಂಗ್ ಬ್ಯಾಗಿಗೆ ಮೆತ್ತಿಕೊಳ್ಳುತ್ತದೆ.

ಎರಡು, ವಾಸನೆ. ಬಿಲ್ಲೆಗೆ ಮೀನಿನ ಹಾಗೆ ಒಂದು ಕಮಟು ಇರುತ್ತದೆ. ಓಟ್ಸ್, ಚಹಾಪುಡಿ ಇರುವ ಚೀಲದಲ್ಲಿ ಇಡಬೇಡಿ. ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ. ಅರೆಬರೆ ಉರಿದಾಗ ಫಾರ್ಮಾಲ್ಡಿಹೈಡ್ ಮತ್ತು ತುಸು ಹೈಡ್ರೋಜನ್ ಸಯನೈಡ್ ಬರುವುದರಿಂದ ಟೆಂಟ್ ಒಳಗಂತೂ ಬೇಡವೇ ಬೇಡ.

ಮೂರು, ತೇವ. ಹೆಕ್ಸಮೈನ್ ನೀರಿನಲ್ಲಿ ಕರಗುವ ವಸ್ತು, ಗಾಳಿಯ ತೇವವನ್ನೂ ಹೀರುತ್ತದೆ. ತೇವ ಹಿಡಿದ ಬಿಲ್ಲೆ ಹಚ್ಚಿದಾಗ ಚಟಪಟ ಸಿಡಿದು ಉರಿಯುವ ಚೂರು ಆಚೆ ಬೀಳುತ್ತದೆ. ಬ್ಲಿಸ್ಟರ್ ಪ್ಯಾಕ್ ಒಡೆಯದೆ ಜಿಪ್ ಚೀಲದಲ್ಲಿಡಿ.

ಬಿಲ್ಲೆಗೂ ಪಾತ್ರೆಯ ತಳಕ್ಕೂ ಅಂತರ ಸುಮಾರು 25 ಮಿ.ಮೀ. ಇರಲಿ. ಕಡಿಮೆಯಾದರೆ ಉರಿಗೆ ಉಸಿರುಕಟ್ಟಿ ಜಿಗುಟು ಜಾಸ್ತಿಯಾಗುತ್ತದೆ, ಹೆಚ್ಚಾದರೆ ಕಾವು ಗಾಳಿಪಾಲು.

ಹಿತ್ತಾಳೆಬರ್ನರ್:

ಕರಿಪಾತ್ರೆಯವರು ಬಿಲ್ಲೆಯ ತೂಕ ಹೇಳಿ ಒಲೆಯ ತೂಕ ಬಿಟ್ಟರು! ಮಡಚುವ ತಗಡಿನ ಒಲೆಯೇ 90 ಗ್ರಾಂ ಹತ್ತಿರ ಬರುತ್ತದೆ. ಲೆಕ್ಕ ಪೂರ್ತಿ ಹಾಕೋಣ.

ಹೆಕ್ಸಮೈನ್‌ನಲ್ಲಿ ಗ್ರಾಂಗೆ 30 ಕಿಲೋಜೂಲ್ ಕಾವು, ಎಥನಾಲ್‌ನಲ್ಲಿ, ಅಂದರೆ ಒಳ್ಳೆಯ ಸ್ಪಿರಿಟ್‌ನಲ್ಲಿರುವ ಆಲ್ಕೋಹಾಲ್‌ನಲ್ಲಿ, ಸುಮಾರು 27. ಅಲ್ಲಿ 3,500 ಮೀಟರಿನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ತೊರೆಯ ನೀರು 5 ಡಿಗ್ರಿ ಅಂದುಕೊಂಡರೆ ಅರ್ಧ ಲೀಟರಿಗೆ ಬೇಕಾದದ್ದು 174 ಕಿಲೋಜೂಲ್. 14 ಗ್ರಾಂ ಬಿಲ್ಲೆಯಲ್ಲಿ 420 ಇದೆ, 20 ಮಿ.ಲೀ. ಎಥನಾಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಕಾವು ಆಕಾಶಕ್ಕೆ ಹೋಗುತ್ತದೆ ಅಂತ ಇಟ್ಟುಕೊಂಡೇ ಈ ಅಳತೆ. ಆದ್ದರಿಂದ ಒಂದು ಬಿಲ್ಲೆ ಅಂದರೆ 20 ಮಿ.ಲೀ. ಸ್ಪಿರಿಟ್.

ಹನ್ನೆರಡು ಕುದಿಗೆ 240, ಹೆಚ್ಚುವರಿ ಸೇರಿ 300 ಮಿ.ಲೀ. ಅದರ ತೂಕ 237 ಗ್ರಾಂ, ಬಾಟಲಿ 30, ಖಾಲಿ ಡಬ್ಬಿಯಿಂದ ನಾವೇ ಮಾಡಿಕೊಳ್ಳುವ ಒಲೆ (ಬಗೆ ಕೆಳಗಿದೆ) 10. ಒಟ್ಟು 280 ಗ್ರಾಂ ಒಳಗೆ. ಬಿಲ್ಲೆ 210 ಮತ್ತು ತಗಡಿನ ಒಲೆ 90 ಸೇರಿದರೆ 300. ಟೈಟಾನಿಯಂ ಸ್ಟ್ಯಾಂಡ್ ತಗೊಂಡರೆ ಬಿಲ್ಲೆಯವರು ಗೆಲ್ಲುತ್ತಾರೆ, ಟ್ರಾಂಜಿಯಾ ಕಂಪನಿಯ ಹಿತ್ತಾಳೆಯ ಸ್ಪಿರಿಟ್ ಬರ್ನರ್ ತಗೊಂಡರೆ ನಾವು ಸೋಲುತ್ತೇವೆ, ಅದೊಂದೇ 110 ಗ್ರಾಂ. ತೂಕ ನೋಡಿ ತೀರ್ಮಾನ ಮಾಡುವ ಮಾತೇ ಅಲ್ಲ ಇದು.

ಸ್ಪಿರಿಟ್‌ನ ಲಾಭ ಬೇರೆ. ಪಾತ್ರೆ ಚೊಕ್ಕವಾಗಿರುತ್ತದೆ, ವಾಸನೆ ಇಲ್ಲ. ಟ್ರಾಂಜಿಯಾಗೆ ಉರಿ ತಗ್ಗಿಸುವ ಬಳೆ ಇದೆ, ಅನ್ನವನ್ನೋ ನಿಜವಾದ ರವೆ ಉಪ್ಪಿಟ್ಟನ್ನೋ ಸೀಯದಂತೆ ಮಾಡಬಹುದು. ಬಿಲ್ಲೆಯಲ್ಲಿ ಸಣ್ಣ ಉರಿ ಎಂಬುದೇ ಇಲ್ಲ.

ಯಾವ ಸ್ಪಿರಿಟ್ ಎಂಬುದು ಮುಖ್ಯ. ಎಥನಾಲ್ ಆಧಾರದ ಡಿನೇಚರ್ಡ್ ಸ್ಪಿರಿಟ್ (ಕುಡಿಯಲಾಗದಂತೆ ಬೆರಕೆ ಮಾಡಿದ್ದು) ಉತ್ತಮ. ಮಾರಾಟ ಅಬಕಾರಿ ನಿಯಂತ್ರಣದಲ್ಲಿರುವುದರಿಂದ ಕೇಳಿದ ಕಡೆಯೆಲ್ಲ ಸಿಗುವುದಿಲ್ಲ. ಸುಲಭವಾಗಿ ಸಿಗುವುದು 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್, ಎಲೆಕ್ಟ್ರಾನಿಕ್ಸ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು. ಕಾವು ಚೆನ್ನಾಗಿದೆ, ಆದರೆ ಹಳದಿ ಉರಿ, ಪಾತ್ರೆ ತುಂಬ ಕಪ್ಪು ಮಸಿ. ಆಗ ಚೊಕ್ಕತನದ ನನ್ನ ವಾದ ಬಿದ್ದುಹೋಗುತ್ತದೆ, ಒಪ್ಪಿದೆ. ಮೆಥನಾಲ್ ಶುಭ್ರವಾಗಿ ಉರಿಯುತ್ತದಾದರೂ ಗ್ರಾಂಗೆ 20 ಕಿಲೋಜೂಲ್ ಮಾತ್ರ, 20 ಮಿ.ಲೀ. ಬದಲು 27 ಬೇಕು. ಅದಕ್ಕಿಂತ ಮುಖ್ಯವಾಗಿ ಅದು ವಿಷ. ಸ್ವಲ್ಪವೇ ಒಳಗೆ ಹೋದರೂ ಕಣ್ಣು ಹೋಗಬಹುದು, ಚರ್ಮದಿಂದಲೂ ದೇಹ ಸೇರುತ್ತದೆ. ಲೇಬಲ್ ಇಲ್ಲದ ಸ್ಪಿರಿಟ್ ತಗೊಳ್ಳಲೇಬೇಡಿ.

ಡಬ್ಬಿ ಒಲೆ ಮಾಡುವ ಬಗೆ: ಬೆಕ್ಕಿನ ಆಹಾರದ 85 ಗ್ರಾಂ ಅಲ್ಯೂಮಿನಿಯಂ ಡಬ್ಬಿ ತಗೊಳ್ಳಿ. ಆಫೀಸಿನಲ್ಲಿ ಕಾಗದಕ್ಕೆ ಬಳಸುವ ಒಂಟಿ ತೂತಿನ ಪಂಚ್‌ನಿಂದ ಬಾಯಿಯ ಅಂಚಿನ ಕೆಳಗೆ ಸುತ್ತಲೂ 16 ತೂತು. ಅದರ ಕೆಳಗೆ ಇನ್ನೊಂದು ಸಾಲು, ಮೇಲಿನ ಎರಡು ತೂತುಗಳ ನಡುವೆ ಒಂದೊಂದು ಬರುವಂತೆ. ಅಷ್ಟೇ ಒಲೆ. 20 ಮಿ.ಲೀ. ಹಾಕಿ ಹಚ್ಚಿ, ಪಾತ್ರೆ ತಕ್ಷಣ ಇಡಬೇಡಿ. ಅರ್ಧ ನಿಮಿಷ ಬಿಟ್ಟು ಸ್ಪಿರಿಟ್ ಕುದಿಯಲು ಶುರುವಾದ ಮೇಲೆ ಡಬ್ಬಿಯ ಬಾಯಿ ಮೇಲೇ ಪಾತ್ರೆ ಕೂರಿಸಿದರೆ ಉರಿ ಪಕ್ಕದ ತೂತುಗಳಿಂದ ಹೊರಬರುತ್ತದೆ. ಬೇಗ ಇಟ್ಟರೆ ಆರಿಹೋಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ನಿಮ್ಮ 12 ಸೆಂ.ಮೀ. ತಳಕ್ಕೆ ಇದು ಸರಿಹೊಂದುತ್ತದೆ. ಕಿರಿದಾದ ಮಗ್ ಆದರೆ ಉರಿ ಪಕ್ಕಕ್ಕೆ ಚಾಚಿ ವ್ಯರ್ಥವಾಗುತ್ತದೆ.

ಅಳತೆಗೆ ಕೆಮ್ಮಿನ ಸಿರಪ್ಪಿನ 10 ಮಿ.ಲೀ. ಮುಚ್ಚಳ ಸಾಕು.

ಚಳಿಯ ವಿಷಯದಲ್ಲಿ ಬಿಲ್ಲೆಗೆ ನಮಸ್ಕಾರ. ಎಥನಾಲ್ ಸುಮಾರು 13ರಿಂದ 17 ಡಿಗ್ರಿಗಿಂತ ತಣ್ಣಗಿದ್ದರೆ ಹಚ್ಚುವಷ್ಟು ಆವಿ ಏಳುವುದಿಲ್ಲ, ಕಡ್ಡಿಯನ್ನು ಅದ್ದಿ ಹಿಡಿಯಬೇಕಾಗುತ್ತದೆ. ಬೆಳಗ್ಗೆ ಸೊನ್ನೆ ಡಿಗ್ರಿಯಲ್ಲಿ ಬಾಟಲಿಯನ್ನು ಹತ್ತು ನಿಮಿಷ ಜಾಕೆಟ್ಟಿನ ಒಳಗಿಟ್ಟುಕೊಂಡು ಆಮೇಲೆ ಸುರಿಯಿರಿ. ಡಬ್ಬಿಯನ್ನು ತಣ್ಣನೆ ಕಲ್ಲಿನ ಮೇಲೆ ನೇರ ಇಡದೆ ಕೆಳಗೆ ಒಂದು ಚೂರು ಮರ ಅಥವಾ ದಪ್ಪ ರಟ್ಟು, ಅದರ ಮೇಲೆ ಫಾಯಿಲ್ ಇಡಿ. ಬಿಲ್ಲೆಗೆ ಈ ಸೇವೆ ಬೇಕಿಲ್ಲ, ಮಂಜಿನಲ್ಲೂ ಹತ್ತುತ್ತದೆ.

ಅಪಾಯ ಎರಡು. ಹಗಲು ಬೆಳಕಿನಲ್ಲಿ ಸ್ಪಿರಿಟ್ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದರೆ ಬೆಂಕಿ ಧಾರೆ ಹಿಡಿದು ಬಾಟಲಿಗೆ ಏರುತ್ತದೆ. ಆರಿದ ಒಲೆಯನ್ನು ಬರಿ ಬೆರಳಲ್ಲಿ ಮುಟ್ಟುವಷ್ಟು ತಣಿಯುವವರೆಗೆ ಸುರಿಯುವ ಮಾತಿಲ್ಲ. ಒಲೆ ಉರುಳಿದರೆ ಬೆಂಕಿಯೂ ಹರಿಯುತ್ತದೆ. ಒದ್ದೆ ಬಟ್ಟೆ ಪಕ್ಕದಲ್ಲಿರಲಿ, ಅದನ್ನು ಮುಚ್ಚಿ ಆರಿಸಿ. ನೀರು ಎರಚಿದರೆ ಉರಿಯುವ ಸ್ಪಿರಿಟ್ ಅತ್ತಿತ್ತ ಚೆಲ್ಲುತ್ತದೆ.

ಟ್ರಾಂಜಿಯಾ ಇದ್ದವರಿಗೆ ಎರಡು ಮಾತು. ಮಸಿ ಬಂದರೆ ಸ್ಪಿರಿಟ್‌ಗೆ ಹತ್ತರಲ್ಲಿ ಒಂದು ಪಾಲು ನೀರು ಬೆರೆಸಿ. ಬಿಸಿ ಇರುವಾಗ ತಿರುಪು ಮುಚ್ಚಳ ಹಾಕಬೇಡಿ, ರಬ್ಬರ್ ಬಳೆ ಕರಗಿ ಮುಂದೆ ಚೀಲದಲ್ಲೆಲ್ಲ ಸೋರುತ್ತದೆ.

ಕಲ್ಲುಹಾದಿ:

ರೈಲಿನ ಪ್ರಶ್ನೆ ಇಬ್ಬರೂ ಹಾರಿಸಿದಿರಿ. ಒಯ್ಯುವಂತಿಲ್ಲ, ಬಿಲ್ಲೆಯೂ ಇಲ್ಲ, ಸ್ಪಿರಿಟ್ಟೂ ಇಲ್ಲ. ರೈಲ್ವೆ ಕಾಯ್ದೆ 1989ರ 164ನೇ ಕಲಮಿನಡಿ ಅಪಾಯಕಾರಿ ಸಾಮಾನು ಒಯ್ದವರಿಗೆ ಮೂರು ವರ್ಷದವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಮಾನದಲ್ಲಿ ಕೇಳುವುದೇ ಬೇಡ. ಅಪಾಯಕಾರಿ ಸಾಮಾನುಗಳ ವಿಶ್ವಸಂಸ್ಥೆ ಪಟ್ಟಿಯಲ್ಲಿ ಹೆಕ್ಸಮೈನ್ ಯುಎನ್ 1328, ಉರಿಯುವ ಘನ. ಎಥನಾಲ್ ಯುಎನ್ 1170, ಉರಿಯುವ ದ್ರವ. ಕೈಚೀಲಕ್ಕೂ ಇಲ್ಲ, ಚೆಕ್-ಇನ್‌ಗೂ ಇಲ್ಲ. ಖಾಲಿ ಒಲೆ ಕೂಡ ಇಂಧನದ ವಾಸನೆ ಹೊಡೆದರೆ ಪಕ್ಕಕ್ಕೆ ಎತ್ತಿಡುತ್ತಾರೆ. ಮನೆಯಲ್ಲಿ ಪ್ರಯೋಗ ಮಾಡಿದ ಡಬ್ಬಿಯನ್ನು ಸೋಪು ಹಾಕಿ ತೊಳೆದು ಒಣಗಿಸಿ ಒಯ್ಯಿರಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಡೆಹ್ರಾಡೂನಿನ ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಹೊರಡುವ ವಾರದ ಮುಂಚೆ ಅಲ್ಲಿನ ಟ್ರೆಕಿಂಗ್ ಸಾಮಾನಿನ ಅಂಗಡಿಗೆ ಫೋನ್ ಮಾಡಿ, ಬಿಲ್ಲೆ ಇದೆಯಾ, ಒಂದರ ತೂಕ ಎಷ್ಟು ಅಂತ ಕೇಳಿ. 4 ಗ್ರಾಮಿನ ಸಣ್ಣ ಬಿಲ್ಲೆಯೂ ಬರುತ್ತದೆ. 15 ಬಿಲ್ಲೆ ಅಂತ ಎಣಿಸಿ ಅದನ್ನು ತಂದರೆ ಎರಡನೇ ದಿನವೇ ತಣ್ಣೀರು ಓಟ್ಸ್. ಚಾರಣ ಶುರುವಾಗುವ ಸಂಕ್ರಿ ಹಳ್ಳಿ ತಲುಪಿದ ಮೇಲೆ ಹುಡುಕೋಣ ಅಂದುಕೊಳ್ಳಬೇಡಿ.

ಇನ್ನೊಂದು, ಹರ್ ಕಿ ದೂನ್ ಇರುವುದು ಗೋವಿಂದ ವನ್ಯಧಾಮದಲ್ಲಿ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಕಲಮು ನಿಷೇಧಿಸುತ್ತದೆ. ಪರವಾನಗಿ ಮಾಡಿಸುವಾಗಲೇ ಒಲೆಯ ಬಗ್ಗೆಯೂ ಕೇಳಿ, ಹುಲ್ಲಿನ ಮೇಲೆ ಹಚ್ಚಬೇಡಿ, ಬರಿ ಕಲ್ಲು ಅಥವಾ ಹೊಳೆದಂಡೆಯ ಮರಳು ನೋಡಿ. ಇದನ್ನೇ ಓದಿ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಒಲೆ ಕಟ್ಟಿಕೊಂಡು ಹೊರಡುವವರಿಗೂ ಈ ಕಲಮು ಅನ್ವಯಿಸುತ್ತದೆ. ಅಲ್ಲಿಗೆ ಚಪಾತಿ, ಚಟ್ನಿಪುಡಿ, ಮೊಸರಿನಲ್ಲಿ ನೆನೆಸಿದ ಅವಲಕ್ಕಿ ಒಯ್ಯಿರಿ.

ಬೆನ್ನುಚೀಲ:

ತುಂಬ ಉಪಕಾರ. ಬಿಲ್ಲೆ ಕಡೆಗೇ ವಾಲಿದ್ದೇವೆ. ಎರಡು ಸಣ್ಣ ಅನುಮಾನ. ಬಿಲ್ಲೆ ಸಿಗದೇ ಹೋದರೆ ಕರ್ಪೂರ ಉರಿಸಬಹುದಾ? ಸ್ಯಾನಿಟೈಸರ್? ರೆಡಿ ಮಿಕ್ಸ್ ಉಪ್ಪಿಟ್ಟಿನ ಪೊಟ್ಟಣದ ಮೇಲೆ ಐದು ನಿಮಿಷ ಬೇಯಿಸಿ ಅಂತಿದೆ, ಸಣ್ಣ ಉರಿ ಇಲ್ಲದೆ ಹೇಗೆ?

ಕರಿಪಾತ್ರೆ:

ಕರ್ಪೂರ ಆರತಿಗೇ ಇರಲಿ. ಅದರ ಅಣುವಿನಲ್ಲಿ ಹತ್ತು ಇಂಗಾಲ, ಒಂದೇ ಆಮ್ಲಜನಕ, ಎಲ್ಲ ಮಸಿಯಾಗಿ ಮೇಲೇಳುತ್ತದೆ. ಆರತಿ ತಟ್ಟೆಯ ಮೇಲೆ ಏಳುವ ಕಪ್ಪು ಎಳೆ ನೋಡಿದ್ದೀರಲ್ಲ, ಅದರ ನೂರು ಪಾಲು ಪಾತ್ರೆಗೆ ಹತ್ತುತ್ತದೆ. ಜೊತೆಗೆ ಕಾವಿಗೆ ಕರಗಿ ದ್ರವವಾಗಿ ಒಲೆಯಿಂದ ಕೆಳಗೆ ಹರಿಯುತ್ತದೆ. ಒಂದು ಹರಳು ಬಿಲ್ಲೆಯ ಮೂಲೆಗಿಟ್ಟು ಹಚ್ಚಲು ಬಳಸಿ, ಗಾಳಿಯಲ್ಲಿ ಕಡ್ಡಿಗಳು ಉಳಿಯುತ್ತವೆ. ಅಷ್ಟಕ್ಕೆ ಸರಿ.

ಉಪ್ಪಿಟ್ಟಿಗೆ ಉರಿ ಬೇಡ, ಬಿಸಿ ಹಿಡಿದಿಟ್ಟರೆ ಸಾಕು. ಕುದಿ ಬಂದ ನೀರಿಗೆ ಮಿಕ್ಸ್ ಹಾಕಿ ಕಲಸಿ, ಮುಚ್ಚಿ, ಒಲೆಯಿಂದ ಇಳಿಸಿ ದಪ್ಪ ಟವೆಲ್ ಅಥವಾ ಫ್ಲೀಸ್ ಜಾಕೆಟ್ಟಿನಲ್ಲಿ ಸುತ್ತಿ 12–15 ನಿಮಿಷ ಬಿಡಿ. ಸುತ್ತುವ ಮುಂಚೆ ತಳದ ಜಿಗುಟಿಗೆ ಒಂದು ಹಳೆ ಕಾಗದ ಅಡ್ಡ ಇಡುವುದನ್ನು ಮರೆಯಬೇಡಿ. ನೀರು 88 ಡಿಗ್ರಿಯಲ್ಲೇ ಕುದಿಯುವ ಎತ್ತರವಾದ್ದರಿಂದ ಊರಿನ ಲೆಕ್ಕಕ್ಕಿಂತ ಐದಾರು ನಿಮಿಷ ಹೆಚ್ಚೇ ಬಿಡಿ. ಅಕ್ಕಿ, ಬೇಳೆ ಹೀಗೆ ಬೇಯುವುದಿಲ್ಲ. ಶ್ಯಾವಿಗೆ, ಅವಲಕ್ಕಿ, ಓಟ್ಸ್ ಆಗುತ್ತವೆ.

ಹಿತ್ತಾಳೆಬರ್ನರ್:

ಸ್ಯಾನಿಟೈಸರ್ ಜೆಲ್ ಬೇಡ, 70 ಶೇಕಡಾ ಆಲ್ಕೋಹಾಲ್ ಆದರೆ ಉಳಿದದ್ದು ನೀರು ಮತ್ತು ಅಂಟು. ನೀರನ್ನೂ ಸುಮ್ಮನೆ ಕಾಯಿಸುತ್ತೀರಿ, ಕೊನೆಗೆ ತಳದಲ್ಲಿ ಗೋಂದಿನ ಥರ ಉಳಿಯುತ್ತದೆ. ಮದುವೆ ಮನೆ ಬುಫೆಯಲ್ಲಿ ಪಾತ್ರೆಯ ಕೆಳಗಿಡುವ ಜೆಲ್ ಡಬ್ಬಿಯೂ ಬಿಸಿ ಉಳಿಸಲು ಇರುವುದು, ಕುದಿಸಲು ಅಲ್ಲ. ಎಷ್ಟೋ ಡಬ್ಬಿಯಲ್ಲಿ ಮೆಥನಾಲ್ ಇರುತ್ತದೆ.

ಯಾವುದೇ ಇಂಧನ ಆಗಲಿ, ಗಾಳಿ ತಡೆ ಮರೆತರೆ ಮೇಲಿನ ಲೆಕ್ಕವೆಲ್ಲ ಸುಳ್ಳು. ಎರಡು ಪದರ ಮಡಚಿದ ಅಡುಗೆ ಫಾಯಿಲ್ ಸಾಕು. ಎತ್ತರ ಪಾತ್ರೆಯ ಅರ್ಧದವರೆಗೆ ಬರಲಿ, ಪಾತ್ರೆಗೂ ಫಾಯಿಲ್‌ಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು. ಕೆಳ ಅಂಚಿನಲ್ಲಿ ಗಾಳಿ ಬೀಸದ ಕಡೆಗೆ ಪಂಚ್‌ನಿಂದ ಒಂದು ಸಾಲು ತೂತು. ಸುತ್ತಲೂ ಬಿಗಿಯಾಗಿ ಮುಚ್ಚಿದರೆ ಡಬ್ಬಿ ಒಲೆ ವಿಪರೀತ ಕಾದು ಸ್ಪಿರಿಟ್ ಎರಡೇ ನಿಮಿಷದಲ್ಲಿ ಭಗ್ಗನೆ ಉರಿದು ಮುಗಿಯುತ್ತದೆ. ಬಿಲ್ಲೆಯಾದರೆ ಉಸಿರುಕಟ್ಟಿ ಹೊಗೆಯಾಡುತ್ತದೆ. ಹೊರಡುವ ಮುಂಚೆ ಟೆರೇಸಿನಲ್ಲಿ ಅರ್ಧ ಲೀಟರ್ ಕಾಯಿಸಿ ಗಡಿಯಾರ ನೋಡಿ. ಬಿಲ್ಲೆ ಒಂದರಲ್ಲಿ ಕುದಿ ಬರದಿದ್ದರೆ ಬಿಲ್ಲೆ ಹೆಚ್ಚಿಸುವ ಮೊದಲು ಫಾಯಿಲ್ ಸರಿಮಾಡಿ.

ಕಲ್ಲುಹಾದಿ:

ಬಾಟಲಿಯ ಬಗ್ಗೆ ಯಾರೂ ಹೇಳಲಿಲ್ಲ. ಮನಸ್ಸು ಬದಲಾಗಿ ಸ್ಪಿರಿಟ್ ತಗೊಂಡರೆ ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ, ಕತ್ತಲಲ್ಲಿ ಎರಡಕ್ಕೂ ಬಣ್ಣ ಒಂದೇ. ಕಿರುಬಾಯಿಯ ಬೇರೆ ಆಕಾರದ ಬಾಟಲಿ, ಸುತ್ತಲೂ ಕೆಂಪು ಟೇಪು, ಚೀಲದ ಹೊರಜೇಬಿನಲ್ಲಿ ನೆಟ್ಟಗೆ. ಬಿಲ್ಲೆಯಾದರೆ ಉಳಿದ ಚೂರುಗಳನ್ನು ಅಲ್ಲೇ ಕಲ್ಲಿನ ಸಂದಿಗೆ ತುರುಕಿ ಬರಬೇಡಿ, ಮಳೆಗೆ ಕರಗಿ ತೊರೆ ಸೇರುತ್ತದೆ. ರೈಲಿಗೂ ತರುವಂತಿಲ್ಲ, ಕೊನೆಯ ಬೆಳಗಿನ ಚಹಾಕ್ಕೆ ಅವೆಲ್ಲ ಉರಿದುಹೋಗಲಿ.